ಕಂಟ್ರೋಲರಕ್ಕನ ವಾಚು

ನನ್ನ ಮೂಗು ಉದ್ದವೋ ಮೊಂಡೋ ಎಂದು ನಮ್ಮ ಬಸ್ ಸ್ಟ್ಯಾಂಡಿಗೆ ದಿನಾ ಬಂದು ಹೋಗುವವರನ್ನು ಕೇಳಿ ನೋಡಿ, ಅರ್ಧ ಮಂದಿಗೆ ಹೇಳಲು ಬರುವುದಿಲ್ಲ. ನನ್ನ ಎಡಗೈ ಹೇಗಿದೆ ಎಂದು ಕೇಳಿದರೆ ಮಾತ್ರ ಎಲ್ಲರೂ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ: ಮೇಲಕ್ಕೆ ಸರಿಸಿದ ಹಸಿರು ಬಳೆ, ಅದರ ಕೆಳಗೆ ಕರಿ ಪಟ್ಟಿಯ ಒಂದು ವಾಚು. ಮಂದಿ ನನ್ನ ಹತ್ತಿರ ಬಂದಾಗ ಮೊದಲು ನೋಡುವುದು ಆ ವಾಚನ್ನು, ಆಮೇಲೆ ಗೋಡೆಯ ಬೋರ್ಡನ್ನು, ಅಷ್ಟಾದರೂ ಏನೂ ತಿಳಿಯದಿದ್ದರೆ ನನ್ನ ಮುಖವನ್ನು. ಮದುವೆಯಾದ ಹೊಸದರಲ್ಲಿ ಈ ಮಾತು ಯಾರಾದರೂ ಹೇಳಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ. ಈಗ ನನಗೆ ಅದೇ ಒಂದು ಜಂಬ.

ಕಾಗದದ ಮೇಲೆ ನನ್ನ ಹುದ್ದೆಗೆ ಸಂಚಾರ ನಿಯಂತ್ರಕಿ ಎಂದು ಹೆಸರು. ಅಷ್ಟು ದೊಡ್ಡ ಹೆಸರು ಯಾರ ಬಾಯಿಗೂ ಹಿಡಿಸುವುದಿಲ್ಲವಾದ್ದರಿಂದ ನಾನು ಎಲ್ಲರಿಗೂ ಕಂಟ್ರೋಲರಕ್ಕ. ವರ್ಷಗಟ್ಟಲೆ ಕಂಡಕ್ಟರಾಗಿ ಟಿಕೆಟ್ ಕೊಟ್ಟು, ನಿಂತು ನಿಂತು ಕಾಲಿಗೆ ಬಾವು ಬಂದು, ಪ್ರಮೋಷನ್ ಮೇಲೆ ಈ ಕುರ್ಚಿಗೆ ಬಂದವಳು. ಬಸ್ಸು ಬಂದಾಗ ಹೊತ್ತು ಬರೆದು ಸಹಿ ಹಾಕುವುದು, ಹೊರಡುವಾಗ ಸೀಟಿ ಊದುವುದು, ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ನಡುನಡುವೆ ವೇದಾಂತದ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. "ಉಚ್ಚಂಗಿ ಬಸ್ ಹೋತೇನ್ರಿ ಅಕ್ಕಾರ?" "ಹೋತು." "ಯಾವಾಗ ಹೋತು?" "ಈಗ ಹೋತು." "ಈಗ ಅಂದ್ರ ಯಾವಾಗ?" ಈಗ ಎಂದರೆ ಯಾವಾಗ ಎಂದು ಋಷಿಮುನಿಗಳೇ ಹೇಳಲಾರದೆ ಹೋದರು, ನಾನು ಹೇಗೆ ಹೇಳಲಿ? ಕೈ ಮುಂದೆ ಚಾಚುತ್ತೇನೆ. ಅವರು ವಾಚು ನೋಡಿ, ಅರ್ಥವಾದವರಂತೆ ತಲೆಯಾಡಿಸಿ, ಕಟ್ಟೆಯ ಮೇಲೆ ಹೋಗಿ ಕೂರುತ್ತಾರೆ.

ಊರು ಯಾವುದು ಎಂದು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಯಾವುದೋ ಒಂದು ಎಂದಿಟ್ಟುಕೊಳ್ಳಿ. ಹೇಳದಿರುವುದಕ್ಕೆ ಕಾರಣವಿದೆ. ಮುಂದೆ ಬರೆಯಲಿರುವುದನ್ನು ಮೇಲಿನವರು ಯಾರಾದರೂ ಓದಿದರೆ ನನಗೆ ಒಂದು ಮೆಮೋ ಖಂಡಿತ. ಆ ಮಾತು ಇಷ್ಟೇ: ನನ್ನ ವಾಚು ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ. ಕೆಟ್ಟು ಹಿಂದೆ ಬಿದ್ದದ್ದಲ್ಲ. ನಾನೇ ಕೀ ಎಳೆದು, ಮುಳ್ಳು ತಿರುಗಿಸಿ, ಬೇಕೆಂದೇ ಹಿಂದಕ್ಕಿಟ್ಟದ್ದು. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡಿ. ಬರೆಯುವವರು ವಿನಯದಿಂದ ಬರೆಯಬೇಕು ಎನ್ನುತ್ತಾರೆ, ನನಗೆ ಅದು ಬಾರದು. ಎದೆ ತಟ್ಟಿಕೊಂಡೇ ಹೇಳುತ್ತಿದ್ದೇನೆ.

ಗಡಿಯಾರವನ್ನು ಮುಂದಕ್ಕಿಡುವವರು ಊರ ತುಂಬ ಇದ್ದಾರೆ. ನಮ್ಮನೆಯವರೂ ಅವರಲ್ಲಿ ಒಬ್ಬರು. ಹೈಸ್ಕೂಲಿನಲ್ಲಿ ಗುಮಾಸ್ತರು, ದಿನಾ ತಡ. ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಹೋಗಬೇಕೆಂದು ಒಂದು ದಿನ ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ತಾವೇ ಮುಂದಿಟ್ಟರು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು ಅದನ್ನು ನೋಡಿ, "ಅದು ಮುಂದೈತಿ ಬಿಡು" ಎಂದು ಇನ್ನೊಂದು ಮಗ್ಗುಲಿಗೆ ಹೊರಳಿದರು. ಅಂದಿನಿಂದ ಇಂದಿನವರೆಗೂ ಇದೇ ನಡೆದಿದೆ. ತಾವೇ ಹೇಳಿದ ಸುಳ್ಳನ್ನು ತಾವೇ ಹಿಡಿದೆನೆಂಬ ಖುಷಿಯಲ್ಲಿ ಇನ್ನೊಂದಿಷ್ಟು ತಡ ಮಾಡುತ್ತಾರೆ. ಗಡಿಯಾರ ಮುಂದೆ, ಅವರು ಹಿಂದೆ, ನಡುವೆ ಚಹಾ ಆರಿಸಿಕೊಂಡು ನಾನು.

ಗಡಿಯಾರಗಳಿಲ್ಲದ ಕಾಲದಲ್ಲಿ ಗಳಿಗೆ ಬಟ್ಟಲು ಎಂದು ಒಂದಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ಒಳಗೆ ನೀರು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ ಆದಂತೆ. ಮದುವೆಯ ಮುಹೂರ್ತಕ್ಕೆ ಎಲ್ಲರೂ ಆ ಬಟ್ಟಲಿನ ಸುತ್ತ ಕೂತು ಕಾಯುತ್ತಿದ್ದರಂತೆ. ತೂತಿನಲ್ಲಿ ಒಂದು ಕಸದ ಎಸಳು ಕೂತರೆ ಗಳಿಗೆ ದೊಡ್ಡದಾಯಿತು. ಬೀಗರ ಗಾಡಿ ಇನ್ನೂ ಹಳ್ಳ ದಾಟಿಲ್ಲ ಎಂದು ಸುದ್ದಿ ಬಂದಾಗ ಆ ತೂತಿಗೆ ಮೆಲ್ಲಗೆ ಬೆರಳಿಟ್ಟ ಪುಣ್ಯಾತ್ಮ ಒಬ್ಬನೂ ಇರಲಿಲ್ಲ ಎಂದರೆ ನಾನು ನಂಬುವವಳಲ್ಲ. ಈಗಲೂ ನೋಡಿ, ಅಕ್ಕಿಕಾಳು ಹಾಕುವ ಹೊತ್ತಿಗೆ ಹುಡುಗಿಯ ಸೋದರಮಾವ ಇನ್ನೂ ಕಟಿಂಗ್ ಅಂಗಡಿಯಲ್ಲಿದ್ದಾನೆ ಎಂದು ತಿಳಿದರೆ, ನಮ್ಮ ಐನೋರು ಕೈಯ ವಾಚಿನ ಮೇಲೆ ಶಲ್ಯ ಎಳೆದುಕೊಂಡು, "ಇನ್ನೂ ಗಳಿಗಿ ಐತ್ರಿ, ಗಡಿಬಿಡಿ ಬ್ಯಾಡ" ಎನ್ನುತ್ತಾರೆ. ಆ ಐನೋರ ಬಗ್ಗೆ ನನಗೆ ಬಹಳ ಗೌರವ. ಗಡಿಯಾರವನ್ನು ಮುಂದಿಟ್ಟವನು ತನ್ನ ಸಲುವಾಗಿ ಇಡುತ್ತಾನೆ, ಹಿಂದಿಟ್ಟವನು ಇನ್ನೊಬ್ಬರ ಸಲುವಾಗಿ.

ನನ್ನ ಆ ಇನ್ನೊಬ್ಬರು ಯಾರೆಂದರೆ ತೆಲಿಗಿ ಬಸ್ಸಿನ ಹುಡುಗಿಯರು. ತೆಲಿಗಿ ಬಸ್ಸು ಎಂದ ಮೇಲೆ ಊರು ಯಾವುದೆಂದು ಈ ಕಡೆಯವರಿಗೆಲ್ಲ ತಿಳಿದೇ ಹೋಯಿತು. ಹೋಗಲಿ ಬಿಡಿ, ಮೆಮೋ ಬಂದರೆ ಬರಲಿ.

ಅವರ ಕಾಲೇಜಿನಲ್ಲಿ ಕೊನೆಯ ಗಂಟೆ ಬಾರಿಸುವುದೂ ತೆಲಿಗಿ ಬಸ್ಸು ಹೊರಡುವುದೂ ಒಂದೇ ಹೊತ್ತಿಗೆ, ಇಳಿಮಧ್ಯಾಹ್ನ. ಎರಡರ ನಡುವೆ ಒಂದು ಸರ್ಕಲ್ಲು, ಬಾಳೆಹಣ್ಣಿನ ತಳ್ಳುಗಾಡಿಗಳು, ಅಡ್ಡ ನಿಂತ ಆಟೋಗಳು, ಇವುಗಳ ಮಧ್ಯೆ ಬ್ಯಾಗು ಎದೆಗವುಚಿಕೊಂಡು ಓಡಿ ಬರುವ ಹುಡುಗಿಯರ ಒಂದು ಹಿಂಡು. ಎಲ್ಲರಿಗಿಂತ ಮುಂದೆ ಒಬ್ಬಳು, ರೇಣುಕಾ ಎಂದು ಹೆಸರು, ಕಡ್ಡಿಯಂಥ ಹುಡುಗಿ. ಬಂದವಳೇ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಊರಿ ನಿಲ್ಲುತ್ತಾಳೆ. ಒಳಗೂ ಹತ್ತುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಉಳಿದವರೆಲ್ಲ ಬಂದು ಹತ್ತುವ ತನಕ ಆ ಕಾಲು ಅಲ್ಲಾಡುವುದಿಲ್ಲ. ಕಂಡಕ್ಟರ್ ಬೈಯಲಿ, ಡ್ರೈವರ್ ಹಾರ್ನ್ ಹೊಡೆಯಲಿ, ಅವಳು ತನ್ನ ಕಾಲನ್ನು ತಾನೇ ನೋಡುತ್ತ ನಿಂತಿರುತ್ತಾಳೆ.

ಆ ಬಸ್ಸು ತಪ್ಪಿದರೆ ಮುಂದಿನದು ದೀಪ ಹಚ್ಚುವ ಹೊತ್ತಿಗೆ. ಕತ್ತಲಾದ ಮೇಲೆ ಮನೆ ಮುಟ್ಟಿದ ಹುಡುಗಿಗೆ ನಮ್ಮ ಹಳ್ಳಿಗಳಲ್ಲಿ ಮೊದಲ ಸಲ ಬೈಗುಳ, ಎರಡನೆಯ ಸಲ ಕಾಲೇಜು ಬಂದ್. ಇದು ನಾನು ಕೇಳಿ ತಿಳಿದ ಸಂಗತಿಯಲ್ಲ. ನನ್ನ ಡಿಗ್ರಿಯೂ ಹೀಗೆಯೇ ಒಂದು ಬಸ್ಸಿನ ಹಿಂದೆ ಓಡಿ ಓಡಿ ನಿಂತುಹೋದದ್ದು. ಆ ಬಸ್ಸಿನ ಹಿಂಭಾಗ, ಅದರ ಮೇಲಿದ್ದ ಧೂಳು, ಅದರಲ್ಲಿ ಯಾರೋ ಬೆರಳಿನಿಂದ ಬರೆದ ಹೆಸರು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಈ ಕುರ್ಚಿಯಲ್ಲಿ ಕೂತ ಮೊದಲ ವಾರವೇ ವಾಚಿನ ಕೀ ಎಳೆದೆ.

ತೆಲಿಗಿ ಬಸ್ಸಿನ ಡ್ರೈವರ್ ತಿಪ್ಪೇಶಿ ಒಳ್ಳೆಯವನೇ, ಆದರೆ ಮೊಬೈಲು ನೋಡುವ ಚಟ. "ಮೇಡಂ ರೀ, ನನ್ನ ಮೊಬೈಲ್‌ನಾಗ ಟೈಮ್ ಆಗೈತ್ರಿ" ಎನ್ನುತ್ತಾನೆ. ನಾನು ಕೈ ಚಾಚುತ್ತೇನೆ. "ನನ್ನ ವಾಚಿನಾಗ ಆಗಿಲ್ಲಲ್ರಿ. ಸಹಿ ಹಾಕೋದು ನಿಮ್ಮ ಮೊಬೈಲೋ, ನನ್ನ ಕೈಯೋ?" ಅವನು ನಕ್ಕು ಇನ್ನೊಂದು ಅರ್ಧ ಚಹಾಕ್ಕೆ ಹೋಗುತ್ತಾನೆ. ಬಸ್ಸಿನೊಳಗೆ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದ ಯಜಮಾನರು ಒಂದಿಷ್ಟು ಗೊಣಗುತ್ತಾರೆ. ಅಷ್ಟರಲ್ಲಿ ರೇಣುಕಾಳ ಕಾಲು ಮೆಟ್ಟಿಲ ಮೇಲೆ ಬಂದಿರುತ್ತದೆ. ಇದರಲ್ಲಿ ನನ್ನ ಸುಳ್ಳೇನೂ ಇಲ್ಲ, ಗಮನಿಸಿ. ವಾಚಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ಸುಳ್ಳು ಹೇಳಿದ್ದರೆ ಅದು ವಾಚು.

ಇಂಥ ಸುಖದ ವ್ಯವಸ್ಥೆಗೆ ಕಂಟಕ ಬಂದದ್ದು ಪಂಚಮಿಯಲ್ಲಿ.

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ, ತವರಿಗೆ ಹೋಗುವ ಹಬ್ಬ. ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ತಮ್ಮ ಕೊಟ್ರೇಶನೇ ಈಗ ನನಗೆ ತವರು. ಹೊಸಪೇಟೆಯ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಅಲ್ಲಿ ಬಾಗಿಲಲ್ಲಿ ಬೆರಳು ಒತ್ತಿ ಒಳಗೆ ಹೋಗಬೇಕಂತೆ, ಚೂರು ತಡವಾದರೂ ಬೆರಳು ಯಾರದೆಂದು ನೋಡದೆ ಆ ಯಂತ್ರ ಪಗಾರ ಹಿಡಿಯುತ್ತದಂತೆ. ಹಾಗಾಗಿ ಅವನಿಗೆ ಸರಿಯಾದ ಟೈಮು ಎಂದರೆ ದೇವರು. ಹೋದ ಪಂಚಮಿಗೆ ನಾನು ಅವನ ಮನೆಯಲ್ಲಿ ಜೋಕಾಲಿ ಆಡಿ, ಉಂಡಿ ತಿಂದು, ಹೊಟ್ಟೆ ಭಾರ ಮಾಡಿಕೊಂಡು ಮಲಗಿದ್ದಾಗ ಅವನ ಸಣ್ಣ ಮಗಳು ನನ್ನ ವಾಚಿಗೆ ಈಜು ಕಲಿಸಲು ಹೋಗಿ ನೀರಿನ ಹಂಡೆಯಲ್ಲಿ ಬಿಟ್ಟಳು. ಗಳಿಗೆ ಬಟ್ಟಲಿನ ಹಾಗೆ ಅದು ತೇಲಲಿಲ್ಲ, ನೇರ ಮುಳುಗಿತು. ಅಲ್ಲಿಗೆ ಅದರ ಋಣ ತೀರಿತು.

ಕೊಟ್ರೇಶನಿಗೆ ಒಳಗೊಳಗೇ ಸಮಾಧಾನವೇ ಆಯಿತು ಎಂದು ನನ್ನ ಅನುಮಾನ. ಏಕೆಂದರೆ ಮರುದಿನ ನಾನು ಹೊರಡುವಾಗ ಅವನ ಹೆಂಡತಿ ಉಡಿ ತುಂಬಿ ಸೀರೆ ಕೊಟ್ಟಳಲ್ಲ, ಆ ಸೀರೆಯ ಮೇಲೆ ಒಂದು ಕರಿ ಡಬ್ಬಿಯನ್ನು ಅವನು ತಾನೇ ತಂದಿಟ್ಟ. ಒಳಗೆ ಒಂದು ಸ್ಮಾರ್ಟ್ ವಾಚು. ಮೊದಲೇ ತಂದಿಟ್ಟುಕೊಂಡಿದ್ದ.

"ಇಷ್ಟು ದುಬಾರಿದು ಯಾಕೋ ಕೊಟ್ರ್ಯಾ?" ಎಂದೆ.

"ಅಕ್ಕಾ, ಇದು ಎದಿ ಬಡಿತ ನೋಡ್ತೈತಿ. ನಿನಗೇನರ ಹೆಚ್ಚುಕಮ್ಮಿ ಆದ್ರ ನನ್ನ ಮೊಬೈಲಿಗೆ ಸುದ್ದಿ ಬರ್ತೈತಿ. ಅವ್ವನಂಗ ನೀ ಹೋಗಬಾರದು ನೋಡು."

"ಹಬ್ಬದಾಗ ಹೋಗೋ ಮಾತು ಯಾಕ ತೆಗಿತಿ ಲೇ!" ಎಂದು ಬೈದೆ. ನಮ್ಮವ್ವ ಹೋದ ದಿನ ಎದೆ ಹಿಡಿದಂತಾಗುತ್ತದೆ ಎಂದು ಪಕ್ಕದ ಮನೆಯವರಿಗೆ ಹೇಳಿದ್ದಳಂತೆ. ಗ್ಯಾಸು ಇರಬೇಕೆಂದು ಸೋಡಾ ಕುಡಿದು ಕಟ್ಟೆಗೆ ಒರಗಿದವಳು ಮತ್ತೆ ಏಳಲಿಲ್ಲ. ಕೊಟ್ರೇಶ ಡ್ಯೂಟಿಯಲ್ಲಿದ್ದ, ನಾನು ಇಲ್ಲಿ ಮೈಕು ಹಿಡಿದು ಹಡಗಲಿ ಬಸ್ಸು ಕೂಗುತ್ತಿದ್ದೆ. ಊರಿಗೆಲ್ಲ ಹೊತ್ತು ಹೇಳುವ ನನಗೆ ಅವ್ವನ ಹೊತ್ತು ತಿಳಿಯಲಿಲ್ಲ. ಆ ಸಂಕಟ ನನ್ನಲ್ಲಿ ಎಷ್ಟಿತ್ತೋ ಅವನಲ್ಲಿಯೂ ಅಷ್ಟೇ ಇತ್ತು. ನಾನು ಅತ್ತು ಕಳೆದೆ, ಅವನು ವಾಚು ತಂದ. ಅಲ್ಲದೆ ತವರಿನವರು ಉಡಿಗೆ ಹಾಕಿದ್ದನ್ನು ಬೇಡ ಎನ್ನುವ ಹೆಣ್ಣುಮಗಳು ನಮ್ಮಲ್ಲಿ ಹುಟ್ಟಿಲ್ಲ. ಅದನ್ನು ಬೇಡವೆಂದರೆ ತವರನ್ನೇ ಬೇಡವೆಂದಂತೆ. ಕೈ ಚಾಚಿದೆ. ಅವನೇ ಕಟ್ಟಿದ.

ಆ ವಾಚಿನ ಜೊತೆ ನನ್ನ ಸಂಸಾರ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತೆ. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಅರ್ಧ ಬೀದಿಗೆ ಕೇಳುವ ಹಾಗೆ ಬಡಿಯಬೇಕು. ಕೂತಲ್ಲೇ ಕೂತು ಬಡಿದದ್ದನ್ನೆಲ್ಲ ಅದು ನಡಿಗೆ ಎಂದು ಲೆಕ್ಕ ಹಿಡಿಯಿತು. ಬುಟ್ಟಿ ತುಂಬುವ ಹೊತ್ತಿಗೆ ಅದರ ಪ್ರಕಾರ ನಾನು ನೀಲಗುಂದದ ತನಕ ನಡೆದು ಭೀಮೇಶ್ವರನ ದರ್ಶನ ಮಾಡಿಕೊಂಡು ವಾಪಸು ಬಂದಿದ್ದೆ. ಶಾಬಾಸ್ ಎಂದು ಬಣ್ಣಬಣ್ಣದ ಹೂವು ಹಾರಿಸಿತು. ಅದೇ ಮಧ್ಯಾಹ್ನ, ಬಸ್ಸುಗಳ ನಡುವೆ ನಿಜವಾಗಿಯೂ ಓಡಾಡಿ ಸುಸ್ತಾಗಿ ಒಂದು ಕ್ಷಣ ಕುರ್ಚಿಗೆ ಒರಗಿದರೆ, ಬಹಳ ಹೊತ್ತಾಯಿತು, ಎದ್ದು ಓಡಾಡಿ ಎಂದು ಕೈಯೊಳಗೇ ಗುರ್ ಎಂದಿತು. ನಮ್ಮತ್ತೆ ತೀರಿಕೊಂಡ ಮೇಲೆ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಅದನ್ನೆಲ್ಲ ಸಹಿಸಿಕೊಂಡೆ. ಮಂದಿ ಮೆಚ್ಚಿದಾಗ ಒಳಗೊಳಗೇ ಉಬ್ಬಿದ್ದೂ ಉಂಟು. ಆದರೆ ಮುಳ್ಳು ಹಿಂದಕ್ಕಿಡೋಣವೆಂದು ತಿರುಗಿಸಿ ತಿರುಗಿಸಿ ನೋಡಿದರೆ ಮುಳ್ಳೂ ಇಲ್ಲ, ಎಳೆಯಲು ಕೀಯೂ ಇಲ್ಲ. ಕೊಟ್ರೇಶನಿಗೆ ಫೋನ್ ಮಾಡಿದೆ. "ಅಕ್ಕಾ, ಅದನ್ನ ನೀ ಮುಟ್ಟಂಗಿಲ್ಲ. ಅದು ಮ್ಯಾಲಿಂದ ಬರೋ ಟೈಮು" ಎಂದು ಅವನು ಹೆಮ್ಮೆಯಿಂದ ಹೇಳಿದ. ಮೇಲಿಂದ ಬಂದದ್ದಕ್ಕೆ ನಮ್ಮ ಇಲಾಖೆಯಲ್ಲಿ ಎದುರು ಮಾತಿಲ್ಲ. ಅದೂ ಅಲ್ಲದೆ ಆ ವಾಚಿನ ಅಂಕಿಗಳು ಮಾರುದೂರಕ್ಕೆ ಮಿನುಗುತ್ತಿದ್ದವು. ಬಸ್ಸಿನ ಹೊತ್ತಾಗುತ್ತಲೂ ತಿಪ್ಪೇಶಿ ತನ್ನ ಮೊಬೈಲು ತೆಗೆಯುವುದನ್ನೇ ಬಿಟ್ಟು ನನ್ನ ಕೈಯನ್ನೇ ನೋಡಿ, "ಮೇಡಂ ರೀ, ನಿಮ್ಮದ್ರಾಗೂ ಆಗೈತಲ್ರಿ!" ಎಂದ. ಆಗಿತ್ತು. ಕೈಯಲ್ಲೇ ಹೊತ್ತು ಮಿನುಗುವಾಗ ಆಗಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಳ್ಳು ಹೇಳುವ ಕೆಲಸವನ್ನು ಅಷ್ಟು ವರ್ಷ ವಾಚಿಗೆ ವಹಿಸಿ ಕೂತಿದ್ದೆನಲ್ಲ, ನನಗೇ ರೂಢಿ ತಪ್ಪಿತ್ತು. ಸೀಟಿ ಊದಿದೆ. ಬಸ್ಸು ಗೇಟು ದಾಟಿತು. ಹುಡುಗಿಯರು ಸರ್ಕಲ್ಲಿನ ಹತ್ತಿರ ಬಂದಿದ್ದರು.

ಮರುದಿನವೂ ಹಾಗೇ. ಒಮ್ಮೊಮ್ಮೆ ಓಡಿ ಹಿಡಿಯುತ್ತಿದ್ದರು, ಒಮ್ಮೊಮ್ಮೆ ಇಲ್ಲ. ತಪ್ಪಿದ ದಿನ ನನ್ನ ಕಿಟಕಿಯ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಕೂತು ದೀಪ ಹಚ್ಚುವ ಹೊತ್ತಿನ ಬಸ್ಸಿಗೆ ಕಾಯುತ್ತಿದ್ದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ರೇಣುಕಾ ನನ್ನ ಕೈ ನೋಡುವುದನ್ನು ಬಿಟ್ಟು ಮುಖ ನೋಡತೊಡಗಿದಳು. ಮುಖ ನೋಡಲಿ ಎಂದು ಹಂಬಲಿಸಿದ್ದ ಕಾಲವೊಂದಿತ್ತು, ಆದರೆ ಆ ನೋಟ ಮಾತ್ರ ಬೇಡವಾಗಿತ್ತು. ಕೆಲವು ದಿನಗಳ ಮೇಲೆ ಆ ಹಿಂಡಿನಲ್ಲಿ ಅವಳೇ ಕಾಣಲಿಲ್ಲ.

ಇತ್ತ ಕೊಟ್ರೇಶನ ಫೋನುಗಳು ಶುರುವಾದವು.

"ಅಕ್ಕಾ, ದಿನಾ ಇಳಿಹೊತ್ತಿಗಿ ನಿನ್ನ ಎದಿ ಜೋರ್ ಹೊಡಕೊಳ್ಳಾಕತ್ತೈತಿ. ಆ ಹೊತ್ತಿನಾಗ ಏನ್ ಮಾಡ್ತಿರ್ತಿ?"

"ಏನೂ ಇಲ್ಲೋ. ಕುರ್ಚಿ ಮ್ಯಾಲೆ ಕುಂತಿರ್ತೀನಿ."

"ಕುಂತಾಗ ಓಡ್ತೈತಂದ್ರ ಇನ್ನೂ ಕೆಟ್ಟ ಅಲ್ಲೇನು!"

ಅವನು ರಜೆ ಹಾಕಿ ಬಂದ. ನಾನು ಎಷ್ಟು ಬೇಡವೆಂದರೂ ಕೇಳದೆ ದಾವಣಗೆರೆಗೆ ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ, ಓಡಿಸಿ, ಕೂರಿಸಿ, ಎಲ್ಲ ನೋಡಿ, ಎದೆ ಗಟ್ಟಿಯಾಗಿದೆ ಎಂದರು. ಹೊರಗೆ ಬಂದು ನಾನು, "ನೋಡಿದಿ? ಗಟ್ಟಿ ಐತಂತ" ಎಂದು ಬೀಗಿದರೆ ಅವನ ಮುಖ ಇನ್ನೂ ಸಣ್ಣದಾಯಿತು. ಅವ್ವನೂ ಗಟ್ಟಿಯಾಗಿಯೇ ಇದ್ದಳು ಎಂದ. ನಾಳೆ ಇಡೀ ದಿನ ನಿನ್ನ ಬಸ್ ಸ್ಟ್ಯಾಂಡಿನಲ್ಲೇ ಕೂತು ನೋಡುತ್ತೇನೆ, ಏನಾಗುತ್ತದೆ ಎಂದು ನನ್ನ ಕಣ್ಣಿಂದಲೇ ನೋಡದೆ ಊರಿಗೆ ಹೋಗುವುದಿಲ್ಲ ಎಂದ. ಅವನ ಆ ಭಯದ ಮುಂದೆ ನನ್ನ ಮಾತು ನಡೆಯಲಿಲ್ಲ.

ಮರುದಿನ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಮೊಬೈಲು ಕೈಯಲ್ಲಿ ಹಿಡಿದು ಕೂತ. ಊಟದ ಹೊತ್ತು ಕಳೆದ ಮೇಲೆ ಒಬ್ಬ ಅಜ್ಜಿ ಕಿಟಕಿಗೆ ಬಂದಳು. ತೆಲಿಗಿಯ ಹನುಮವ್ವ, ರೇಣುಕಾಳ ಅಪ್ಪನ ತಾಯಿ. ಕಂಬಿಗಳನ್ನು ಎರಡೂ ಕೈಯಿಂದ ಹಿಡಿದು, ಪೀಠಿಕೆ ಏನೂ ಇಲ್ಲದೆ ಕೇಳಿದಳು.

"ಏನವ್ವ ಕಂಟ್ರೋಲರಮ್ಮ, ನಿನ್ನ ವಾಚಿಗೇನಾಗೈತಿ?"

"ಯಾಕಜ್ಜಿ?"

"ಮೊದ್ಲೆಲ್ಲ ಚಲೋ ನಡೀತಿತ್ತಂತ, ಪಂಚಮಿ ಆದಾಗಿಂದ ಕೆಟ್ಟೈತಂತ. ನಮ್ಮ ಹುಡುಗಿ ಎಲ್ಡು ಸಲ ಕತ್ತಲಾಗ ಮನಿಗೆ ಬಂದ್ಲು. ಅವರಪ್ಪ ಸಾಕು ಕಾಲೇಜು ಅಂತ ಕುಂದ್ರಿಸ್ಯಾನ. ಮೂಲ್ಯಾಗ ಕುಂತು ಅಳಾಕತ್ತೈತಿ ಕೂಸು. ನೀ ಆ ವಾಚು ರಿಪೇರಿ ಮಾಡಿಸ್ತಿ ಅಂದ್ರ ನಾ ಅವನ ಕೂಡ ಮಾತಾಡ್ತೀನಿ."

ಕೊಟ್ರೇಶನಿಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲಿಂದಲೇ, "ಅಜ್ಜಿ, ಅದು ಹೊಸಾದೈತಿ. ದೇಶದಾಗ ಅದರಷ್ಟು ಕರೆಕ್ಟ್ ವಾಚು ಇನ್ನೊಂದಿಲ್ಲ" ಎಂದ.

ಹನುಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಸಾದಾದ್ರೇನಪ್ಪ, ಕೆಟ್ಟಿದ್ದು ಕೆಟ್ಟಿದ್ದೇ" ಎಂದು ಹೇಳಿ ತೆಲಿಗಿ ಬಸ್ಸು ಹತ್ತಿ ಕೂತಳು.

ಬಸ್ಸಿನ ಹೊತ್ತು ಬಂತು. ಕೈಯ ಮೇಲೆ ಅಂಕಿ ಮಿನುಗಿತು. ತಿಪ್ಪೇಶಿ ನನ್ನ ಕಡೆ ನೋಡಿದ. ನಾನು ಸೀಟಿ ಬಾಯಿಗಿಟ್ಟೆ, ಆದರೆ ಕಣ್ಣು ಸರ್ಕಲ್ಲಿನ ಕಡೆಗೆ. ಬಣ್ಣದ ದುಪಟ್ಟಾಗಳು ತಳ್ಳುಗಾಡಿಗಳ ನಡುವೆ ಕಂಡವು, ಮರೆಯಾದವು, ಮತ್ತೆ ಕಂಡವು. ಊದಿದೆ. ಬಸ್ಸು ಹೊರಟಿತು. ಅದರ ಹಿಂಭಾಗದ ಧೂಳು ನನ್ನ ಮುಂದೆ ಹಾಯಿತು. ಹುಡುಗಿಯರು ಗೇಟಿನ ತನಕ ಓಡಿ ಬಂದು, ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ ನಿಂತುಬಿಟ್ಟರು. ನನ್ನ ಕೈಯಲ್ಲಿ ವಾಚು ಗುರ್ ಎಂದಿತು. ಅದೇ ಕ್ಷಣಕ್ಕೆ ಪಕ್ಕದ ಬೆಂಚಿನ ಮೇಲೆ ಕೊಟ್ರೇಶನ ಮೊಬೈಲು ಟಿಣ್ ಎಂದಿತು.

ಅವನು ಮೊಬೈಲು ನೋಡಿದ. ಹುಡುಗಿಯರನ್ನು ನೋಡಿದ. ಆಮೇಲೆ ನನ್ನನ್ನು. ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನು ಮರೆಮಾಡಲು ಹೋಗಲಿಲ್ಲ. ನನ್ನ ಡಿಗ್ರಿ ನಿಂತ ದಿನ ಮನೆಯಲ್ಲಿ ನನ್ನ ಜೊತೆ ಅತ್ತವನು ಅವನೊಬ್ಬನೇ. ಆಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ.

"ಅಕ್ಕಾ, ಹಳೇ ವಾಚು ಹಿಂದಿಟ್ಟಿದ್ದೇನು?"

"ಹ್ಞೂಂ."

"ಮೊದ್ಲ ಯಾಕ ಹೇಳ್ಲಿಲ್ಲ?"

"ನೀ ಅವ್ವನ್ನ ನೆನೆಸಿಕೊಂಡು ಕೊಟ್ಟಿದ್ದು. ಹೆಂಗ ಬ್ಯಾಡ ಅನ್ಲೋ?"

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನಾನೇ ಮಾತು ತೆಗೆದೆ. ಈ ವಾಚು ಬೇಡವೆಂದರೆ ತವರನ್ನು ಬೇಡವೆಂದಂತೆ, ಆದರೆ ತವರಿನವರ ಹತ್ತಿರ ತನಗೆ ಬೇಕಾದ್ದನ್ನು ಕೇಳಿ ತೆಗೆದುಕೊಳ್ಳುವ ಹಕ್ಕು ಹೆಣ್ಣುಮಗಳಿಗೆ ಇದ್ದೇ ಇದೆಯಲ್ಲ. "ಕೊಟ್ರ್ಯಾ, ನನಗ ಪಂಚಮಿ ಉಡುಗೊರಿ ಬದಲಿ ಮಾಡಿ ಕೊಡು" ಎಂದೆ. ಬಸ್ ಸ್ಟ್ಯಾಂಡಿನ ಬಾಗಿಲಲ್ಲೇ ಬಾಷಾ ಸಾಬರ ವಾಚಿನ ಅಂಗಡಿ, ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ. ಇಬ್ಬರೂ ಹೋದೆವು. ಸಾಬರು ನನ್ನ ಕೈಯ ಮೇಲಿನ ಐಶ್ವರ್ಯ ನೋಡಿ, ಹೊಳೆಯುವವನ್ನೆಲ್ಲ ಹೊರಗೆ ತೆಗೆದು ಹರವಿದರು. ನಾನು ಕೆಳಗಿನ ಸಾಲಿನ ಮೂಲೆಗೆ ಬೆರಳು ಮಾಡಿದೆ. ಬಿಳಿ ಮುಖ, ದಪ್ಪ ಕರಿ ಅಂಕಿ, ಎರಡು ಮುಳ್ಳು, ಪಕ್ಕದಲ್ಲಿ ಒಂದು ಪುಟ್ಟ ಕೀ. ಸಾಬರ ಮುಖ ಬಾಡಿತು. ಕೊಟ್ರೇಶನ ಮುಖ ಇನ್ನೂ ಬಾಡಿತು.

"ಅಕ್ಕಗ ಇಷ್ಟು ಅಗ್ಗದ್ದು ಕೊಡ್ಸಿದೆ ಅಂದ್ರ ಮಂದಿ ಏನಂತಾರ?"

"ಮಂದಿಗೆ ನಾ ಹೇಳ್ತೀನಿ. ನೀ ಕೊಡ್ಸು."

ದೊಡ್ಡ ಸೀರೆ ಬೇಕು, ಇನ್ನೂ ದೊಡ್ಡ ಅಂಚು ಬೇಕು ಎಂದು ತವರಿನವರ ಜೊತೆ ಜಗಳವಾಡಿದ ಹೆಣ್ಣುಮಕ್ಕಳು ಮನೆಗೊಬ್ಬರಿದ್ದಾರೆ. ಕಡಿಮೆಯದೇ ಬೇಕೆಂದು ಹಟ ಹಿಡಿದು ಪಡೆದವಳು ಈ ಐದು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಈ ಮಾತನ್ನು ಅಂದಿನಿಂದ ಕಂಡ ಕಂಡವರಿಗೆಲ್ಲ ಹೇಳಿದ್ದೇನೆ, ಇವತ್ತು ನಿಮಗೂ ಹೇಳಿದೆ.

ಆ ದುಬಾರಿ ವಾಚನ್ನು ಏನು ಮಾಡಿದೆ ಎಂದು ಕೇಳುತ್ತೀರಿ. ಕೈಯಿಂದ ಬಿಚ್ಚಿ ಕೊಟ್ರೇಶನ ಕೈಗೇ ಕಟ್ಟಿದೆ. ಅವನು ಬೇಡ ಬೇಡ ಎಂದ. "ಸುಮ್ನಿರು. ನಿನಗೂ ಅದೇ ಅವ್ವ ಅಲ್ಲೇನು? ನಿನ್ನ ಎದಿ ಸುದ್ದಿ ನನ್ನ ಮೊಬೈಲಿಗೆ ಬರಂಗ ಮಾಡಿ ಕೊಡು. ನಮ್ಮಿಬ್ಬರೊಳಗ ಹಿರ್ಯಾಕಿ ಯಾರು?" ಎಂದೆ. ಅವನು ನನ್ನ ಮೊಬೈಲು ಇಸಿದುಕೊಂಡು ಹಾಗೇ ಮಾಡಿಕೊಟ್ಟ. ನನ್ನ ಕಡೆಯಿಂದ ದಿನಾ ಊಟವಾದ ಮೇಲೆ ಒಂದು ಫೋನು ಎಂದು ಒಪ್ಪಂದವಾಯಿತು. ಯಂತ್ರ ಹೇಳುವುದಕ್ಕಿಂತ ನಾನೇ ಬಾಯಿ ಬಿಟ್ಟು ಚೆನ್ನಾಗಿದ್ದೇನೆ ಎಂದು ಹೇಳಿದರೆ ಅವನಿಗೂ ನಿದ್ದೆ ಬರುತ್ತದೆ ಎಂದು ಈಗ ಅವನೇ ಹೇಳುತ್ತಾನೆ.

ಹೊಸ ವಾಚನ್ನು ಸಾಬರು ಸರಿಯಾದ ಹೊತ್ತಿಗೆ ಇಟ್ಟುಕೊಟ್ಟರು. ಕೊಟ್ರೇಶ ಅದನ್ನು ನನ್ನ ಕೈಗೆ ಕಟ್ಟಲು ತೆಗೆದುಕೊಂಡವನು ಅರ್ಧಕ್ಕೆ ನಿಲ್ಲಿಸಿದ. ಉಗುರಿನಿಂದ ಕೀ ಎಳೆದು ಹಿಡಿದ. ಸರಿಯಾದ ಟೈಮನ್ನು ದೇವರೆಂದು ಪೂಜೆ ಮಾಡುವ ನನ್ನ ತಮ್ಮ, ತಲೆ ಬಗ್ಗಿಸಿಕೊಂಡು, ಮೆಲ್ಲಗೆ ಕೇಳಿದ.

"ಎಷ್ಟು ಹಿಂದಿಡ್ಲಿ ಅಕ್ಕಾ?"

ನನಗೆ ಅಂದು ಅವನ ಮೇಲೆ ಉಕ್ಕಿದ ಹೆಮ್ಮೆಯನ್ನು ಹೇಗೆ ಹೇಳಲಿ? ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯರನ್ನು ತೋರಿಸಿ, "ಅವರು ಇಲ್ಲಿಗೆ ಬಂದು ಮುಟ್ಟೋವಷ್ಟು" ಎಂದೆ. ಅವನು ಒಮ್ಮೆ ಸರ್ಕಲ್ಲಿನ ಕಡೆ ನೋಡಿ ಅಂದಾಜು ಮಾಡಿ, ಮುಳ್ಳು ತಿರುಗಿಸಿ, ಇನ್ನೊಂದು ಚೂರು ಜಾಸ್ತಿಯೇ ತಿರುಗಿಸಿ, ಕೀ ಒತ್ತಿದ.

ವಾಚು ರಿಪೇರಿಯಾಗಿದೆ ಎಂದು ಹನುಮವ್ವನಿಗೆ ತಿಪ್ಪೇಶಿಯ ಕೈಯಲ್ಲೇ ಹೇಳಿ ಕಳಿಸಿದೆ. ಅಜ್ಜಿ ಮಗನ ಜೊತೆ ಅದೇನು ಮಾತಾಡಿದಳೋ, ಅದೇ ವಾರ ತೆಲಿಗಿ ಬಸ್ಸಿನ ಮೆಟ್ಟಿಲ ಮೇಲೆ ಕಡ್ಡಿಯಂಥ ಒಂದು ಕಾಲು ಕಂಡಿತು. ನಾನು ಮೈಕಿನಲ್ಲಿ ಬೇಕೆಂದೇ ಇನ್ನೊಂದು ಸಲ ತೆಲಿಗಿ, ತೆಲಿಗಿ ಎಂದು ಕೂಗಿದೆ. ರೇಣುಕಾ ನನ್ನ ಕೈ ನೋಡಿದಳು. ಬಳೆ ಮೇಲಕ್ಕೆ ಸರಿಸಿ ಚೆನ್ನಾಗಿ ತೋರಿಸಿದೆ.

ಮೊನ್ನೆ ಮುಂಜಾನೆ ಡ್ಯೂಟಿಗೆ ಬಂದು ಕೂತಿದ್ದೆ, ನನ್ನ ಮೊಬೈಲು ಟಿಣ್ ಎಂದಿತು. ನೋಡಿದರೆ ಕೊಟ್ರೇಶನ ಎದೆ ಸಿಕ್ಕಾಪಟ್ಟೆ ಹೊಡೆದುಕೊಳ್ಳುತ್ತಿದೆ. ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ಕೊನೆಗೆ ಎತ್ತಿದ, ಏದುಸಿರು.

"ಕೊಟ್ರ್ಯಾ! ಏನಾತೋ?"

"ಏನಾಗಿಲ್ಲಕ್ಕಾ... ಬಸ್ಸಿನ ಹಿಂದ ಓಡಾಕತ್ತಿದ್ದೆ... ಕಣ್ಣ ಮುಂದ ಹೊಂಟು ಹೋತು. ನಮ್ಮೂರ ಕಂಟ್ರೋಲರನ ವಾಚು ಭಾಳ ಕರೆಕ್ಟ್ ಐತಿ."

ಜೀವ ಬಂತು. ನಗುವೂ ಬಂತು. "ಬರೋ ಪಂಚಮಿಗೆ ನನಗೇನೂ ಬ್ಯಾಡಪ್ಪ" ಎಂದೆ. "ಆ ಕಂಟ್ರೋಲರಣ್ಣಗ ಒಂದು ಕೀ ಇರೋ ವಾಚು ಕೊಡ್ಸು."